ಮನೆಯಲ್ಲಿ ಕಟ್ಟಬಹುದಾದ ಹವ್ಯಾಸಿ ರೇಡಿಯೋ ಟ್ರಾನ್ಸೀವರ್

ಮಾತನ್ನು ಅಥವಾ ಸಂಕೇತವನ್ನು ರೇಡಿಯೋ ತರಂಗಗಳ ಮೇಲೆ ಹೇರಿ ಕಳುಹಿಸುವ ಪ್ರೇಷಕ ಮತ್ತು ಬಂದ ತರಂಗಗಳಿಂದ ಅದನ್ನು ಬಿಡಿಸಿಕೊಡುವ ಗ್ರಾಹಕ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ, ಸಾಧ್ಯವಾದಷ್ಟು ಭಾಗಗಳನ್ನು ಹಂಚಿಕೊಂಡು ಕೆಲಸ ಮಾಡುವ ಉಪಕರಣಕ್ಕೆ ಟ್ರಾನ್ಸೀವರ್ ಎಂದು ಹೆಸರು. ಲಾಭದ ಉದ್ದೇಶವಿಲ್ಲದೆ, ತಾಂತ್ರಿಕ ಕಲಿಕೆ, ಪ್ರಯೋಗ ಮತ್ತು ಪರಸ್ಪರ ಸಂಪರ್ಕಕ್ಕಾಗಿ ಸರ್ಕಾರದ ಪರವಾನಗಿ ಪಡೆದು ಸ್ವಂತ ರೇಡಿಯೋ ಕೇಂದ್ರ ನಡೆಸುವವರು ಹವ್ಯಾಸಿ ರೇಡಿಯೋ ಬಳಕೆದಾರರು. ರೂಢಿಯಲ್ಲಿ ಅವರನ್ನು ಹ್ಯಾಮ್‌ಗಳು ಎನ್ನುತ್ತಾರೆ. ಪೊಲೀಸ್, ವಿಮಾನಯಾನ, ಪ್ರಸಾರ ಮುಂತಾದ ಸೇವೆಗಳಲ್ಲಿ ಕಾರ್ಖಾನೆಯಲ್ಲಿ ತಯಾರಾಗಿ ಪರೀಕ್ಷೆಗೊಳಗಾದ ಪ್ರೇಷಕಗಳನ್ನೇ ಬಳಸಬೇಕಾಗಿದ್ದರೆ, ಹ್ಯಾಮ್‌ಗಳು ತಾವೇ ಕಟ್ಟಿದ ಪ್ರೇಷಕವನ್ನು ಆಂಟೆನಾಕ್ಕೆ ಜೋಡಿಸಬಹುದು. ಪರವಾನಗಿಯ ಪರೀಕ್ಷೆಯಲ್ಲಿ ರೇಡಿಯೋ ಸಿದ್ಧಾಂತದ ಪ್ರಶ್ನೆಗಳಿರುವುದಕ್ಕೆ ಈ ಸ್ವಾತಂತ್ರ್ಯವೂ ಒಂದು ಕಾರಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುತೇಕ ಹ್ಯಾಮ್‌ಗಳು ತಮ್ಮ ಉಪಕರಣವನ್ನು ತಾವೇ ಕಟ್ಟಿಕೊಳ್ಳಬೇಕಾಗಿತ್ತು, ಏಕೆಂದರೆ ಕೊಳ್ಳಲು ಸಿದ್ಧ ಉಪಕರಣಗಳು ವಿರಳವಾಗಿದ್ದವು. ಎರಡನೆಯ ಮಹಾಯುದ್ಧದ ನಂತರ ಸೈನ್ಯಗಳು ಮಾರಿದ ಹಳೆಯ ಉಪಕರಣಗಳು ಅಗ್ಗವಾಗಿ ದೊರೆತು, ಅವುಗಳನ್ನು ಬಿಚ್ಚಿ ಮರುಜೋಡಿಸುವ ಒಂದು ಪರಂಪರೆಯೇ ಬೆಳೆಯಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಜಪಾನಿನ ಕಾರ್ಖಾನೆಗಳ ಅಚ್ಚುಕಟ್ಟಾದ ಟ್ರಾನ್ಸೀವರ್‌ಗಳು ಹವ್ಯಾಸದ ಸ್ವರೂಪವನ್ನು ಬದಲಿಸಿದರೂ, 1977ರಲ್ಲಿ ವೆಸ್ ಹೇವರ್ಡ್ ಮತ್ತು ಡಗ್ ಡಿಮಾ ಅಮೆರಿಕದಲ್ಲಿ ಪ್ರಕಟಿಸಿದ ಟ್ರಾನ್ಸಿಸ್ಟರ್ ಮಂಡಲಗಳ ಕೈಪಿಡಿ ಮನೆಯಲ್ಲಿ ಕಟ್ಟುವವರಿಗೆ ಹೊಸ ದಾರಿಯನ್ನು ತೋರಿಸಿತು. ಆದರೆ ಅಮೆರಿಕದ ನಕ್ಷೆಗಳನ್ನು ಭಾರತದಲ್ಲಿ ಯಥಾವತ್ತಾಗಿ ಕಟ್ಟುವುದು ಸುಲಭವಾಗಿರಲಿಲ್ಲ: ಅವು ಕೇಳುವ ಕಬ್ಬಿಣದ ಪುಡಿಯ ಉಂಗುರಗಳು, ವಿಶೇಷ ಮಿಶ್ರಕ ಐಸಿಗಳು, ಸಿದ್ಧ ಸ್ಫಟಿಕ ಶೋಧಕಗಳು ಇಲ್ಲಿನ ಅಂಗಡಿಗಳಲ್ಲಿ ಅಪರೂಪವಾಗಿದ್ದವು, ತರಿಸಿಕೊಂಡರೆ ದುಬಾರಿಯಾಗುತ್ತಿದ್ದವು.

ಈ ತೊಡಕಿಗೆ ಈವರೆಗೆ ಬಂದಿರುವ ಉತ್ತರಗಳಲ್ಲಿ ಅತ್ಯಂತ ಯಶಸ್ವಿಯಾದದ್ದು ಭಾರತದಿಂದಲೇ ಬಂದಿತು. ಹೈದರಾಬಾದಿನ ಅಶ್ಹರ್ ಫರ್ಹಾನ್ ಈ ಶತಮಾನದ ಮೊದಲ ದಶಕದಲ್ಲಿ ರೂಪಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಬಿಟೆಕ್ಸ್ ಎಂಬ ಟ್ರಾನ್ಸೀವರ್ 14 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ 20 ಮೀಟರ್ ತರಂಗಾಂತರದಲ್ಲಿ, ಸುಮಾರು 6 ವ್ಯಾಟ್ ಶಕ್ತಿಯಿಂದ ಮಾತನ್ನು ಕಳುಹಿಸುತ್ತದೆ. ಇದರ ಟ್ರಾನ್ಸಿಸ್ಟರ್‌ಗಳು ಯಾವುದೇ ರಿಪೇರಿ ಅಂಗಡಿಯಲ್ಲಿ ಸಿಗುವಂಥವು. ಸ್ಫಟಿಕಗಳು ಗಣಕಯಂತ್ರದ ಮಂಡಲಗಳಲ್ಲಿ ಬಳಕೆಯಾಗುವ ಅಗ್ಗದ 10 ಮೆಗಾಹರ್ಟ್ಸ್ ಸ್ಫಟಿಕಗಳು. ಸುರುಳಿ ಸುತ್ತಲು ಆಮದು ಉಂಗುರ ಸಿಗದಿದ್ದ ಕಡೆ ನಲ್ಲಿಗೆ ಹಾಕುವ ವಾಷರನ್ನೇ ಬಳಸಲಾಯಿತು. ಇದನ್ನು ಬಡತನದ ಹೊಂದಾಣಿಕೆ ಎಂದು ಕಾಣುವುದು ತಪ್ಪು. ಕೈಗೆ ಸಿಗುವ ಭಾಗಗಳಿಂದಲೇ ಉತ್ತಮ ಗುಣಮಟ್ಟವನ್ನು ಪಡೆಯುವಂತೆ ಮಂಡಲವನ್ನು ಯೋಚಿಸುವುದು ವಿನ್ಯಾಸಕಾರನ ಅತ್ಯಂತ ಕಠಿಣ ಕೆಲಸ. ಬಿಟೆಕ್ಸ್‌ನ ಹಿರಿಮೆ ಇರುವುದು ಅಲ್ಲಿ. ಸರಳ ಟ್ರಾನ್ಸೀವರಿನ ರಚನೆಯನ್ನು ವಿವರಿಸಲು ಈ ಲೇಖನದಲ್ಲಿ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ಮಾತನ್ನು ರೇಡಿಯೋ ತರಂಗದ ಮೇಲೆ ಹೇರುವ ಹಳೆಯ ಕ್ರಮವೆಂದರೆ ಪಾರ ಮಾಡ್ಯುಲನ, ಅಂದರೆ ಮಾತಿನ ಏರಿಳಿತಕ್ಕೆ ತಕ್ಕಂತೆ ತರಂಗದ ಎತ್ತರವನ್ನು ಹೆಚ್ಚು ಕಡಿಮೆ ಮಾಡುವುದು. ಹೀಗೆ ಮಾಡಿದಾಗ ಮೂಲ ತರಂಗವಾದ ವಾಹಕ ಮತ್ತು ಅದರ ಎರಡೂ ಬದಿಗಳಲ್ಲಿ ಒಂದೊಂದು ಪಾರ್ಶ್ವಪಟ್ಟಿ ಹೀಗೆ ಮೂರು ಭಾಗಗಳು ಹುಟ್ಟುತ್ತವೆ. ಮಾತು ಇರುವುದು ಪಾರ್ಶ್ವಪಟ್ಟಿಗಳಲ್ಲಿ ಮಾತ್ರ, ಅದೂ ಎರಡರಲ್ಲಿಯೂ ಒಂದೇ ಮಾತು. ಪೂರ್ಣ ಮಾಡ್ಯುಲನದಲ್ಲಿ ಒಟ್ಟು ಶಕ್ತಿಯ ಮೂರನೆಯ ಎರಡು ಭಾಗವನ್ನು ಯಾವ ಸುದ್ದಿಯನ್ನೂ ಹೊರದ ವಾಹಕವೇ ನುಂಗಿಬಿಡುತ್ತದೆ. ವಾಹಕವನ್ನೂ ಒಂದು ಪಾರ್ಶ್ವಪಟ್ಟಿಯನ್ನೂ ತೆಗೆದುಹಾಕಿ ಉಳಿದ ಒಂದನ್ನೇ ಕಳುಹಿಸುವ ಏಕಪಾರ್ಶ್ವಪಟ್ಟಿ ಕ್ರಮದಲ್ಲಿ ಶಕ್ತಿಯೆಲ್ಲ ಮಾತಿಗೇ ಸಲ್ಲುತ್ತದೆ, ಬೇಕಾಗುವ ಜಾಗವೂ 3 ಕಿಲೋಹರ್ಟ್ಸ್‌ನೊಳಗೆ ಅಡಗುತ್ತದೆ. ಕೆಲವೇ ವ್ಯಾಟ್‌ಗಳ ಮನೆಕಟ್ಟು ಉಪಕರಣ ಸಾವಿರಾರು ಕಿಲೋಮೀಟರ್ ದೂರ ತಲುಪುವುದಕ್ಕೆ ಇದು ಮುಖ್ಯ ಕಾರಣ. 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಪಟ್ಟಿಗಳಲ್ಲಿ ಕೆಳ ಪಾರ್ಶ್ವಪಟ್ಟಿಯನ್ನೂ ಮೇಲಿನವುಗಳಲ್ಲಿ ಮೇಲಿನ ಪಾರ್ಶ್ವಪಟ್ಟಿಯನ್ನೂ ಬಳಸುವುದು ಹ್ಯಾಮ್‌ಗಳ ಸಾಮಾನ್ಯ ರೂಢಿ.

ಅತಿ ಸರಳ ಗ್ರಾಹಕವೆಂದರೆ ನೇರ ಪರಿವರ್ತನೆಯದು: ಆಂಟೆನಾದಿಂದ ಬಂದ ತರಂಗವನ್ನು ಅದೇ ಆವೃತ್ತಿಯ ಸ್ಥಳೀಯ ಆಂದೋಲಕದೊಡನೆ ಬೆರೆಸಿದರೆ ವ್ಯತ್ಯಾಸದ ರೂಪದಲ್ಲಿ ಮಾತು ನೇರವಾಗಿ ಹೊರಬರುತ್ತದೆ. ಮೋರ್ಸ್ ಸಂಕೇತಕ್ಕೆ ಇದು ಸಾಕು, ಕಲಿಯುವವರಿಗೆ ಒಳ್ಳೆಯದು. ಆದರೆ ಇದು ಎರಡೂ ಬದಿಯ ಕೇಂದ್ರಗಳನ್ನು ಒಟ್ಟಿಗೆ ಕೇಳಿಸುವುದರಿಂದ ಜನನಿಬಿಡ ಪಟ್ಟಿಯಲ್ಲಿ ಮಾತನ್ನು ಆಲಿಸಲು ತೊಂದರೆಯಾಗುತ್ತದೆ. ಬಿಟೆಕ್ಸ್ ಹಿಡಿದಿರುವುದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ಮಾರ್ಗವನ್ನು. ಇದರಲ್ಲಿ ಬರುವ ತರಂಗ ಯಾವುದೇ ಆಗಿರಲಿ, ಅದನ್ನು ಮೊದಲು ಒಂದು ನಿಶ್ಚಿತ ಮಧ್ಯಂತರ ಆವೃತ್ತಿಗೆ ಬದಲಿಸಿ, ಆ ಒಂದೇ ಆವೃತ್ತಿಗಾಗಿ ಮಾಡಿದ ಚೂಪಾದ ಶೋಧಕದ ಮೂಲಕ ಹಾಯಿಸಲಾಗುತ್ತದೆ.

ಬಿಟೆಕ್ಸ್‌ನ ಮಧ್ಯಂತರ ಆವೃತ್ತಿ 10 ಮೆಗಾಹರ್ಟ್ಸ್. ಕೇಳಬೇಕಾದ ಕೇಂದ್ರ 14.2 ಮೆಗಾಹರ್ಟ್ಸ್‌ನಲ್ಲಿದೆ ಎಂದಿಟ್ಟುಕೊಂಡರೆ, ಶ್ರುತಿ ಗುಂಡಿಯಿಂದ ಬದಲಾಯಿಸಬಹುದಾದ ಆಂದೋಲಕವನ್ನು 4.2 ಮೆಗಾಹರ್ಟ್ಸ್‌ಗೆ ಇಡಬೇಕು. ಎರಡು ತರಂಗಗಳು ಮಿಶ್ರಕದಲ್ಲಿ ಕೂಡಿದಾಗ ಅವುಗಳ ಮೊತ್ತವಾದ 18.4 ಮತ್ತು ವ್ಯತ್ಯಾಸವಾದ 10 ಮೆಗಾಹರ್ಟ್ಸ್ ತರಂಗಗಳು ಹುಟ್ಟುತ್ತವೆ. ಶೋಧಕ ಎರಡನೆಯದನ್ನು ಮಾತ್ರ ಬಿಡುತ್ತದೆ. ಇಲ್ಲೊಂದು ಅಪಾಯವಿದೆ: 5.8 ಮೆಗಾಹರ್ಟ್ಸ್‌ನ ಯಾವುದಾದರೂ ತರಂಗ ಒಳಗೆ ಬಂದರೆ ಅದೂ 4.2ರೊಡನೆ ಕೂಡಿ 10 ಆಗುತ್ತದೆ, ಆಗ ಬೇಡವಾದ ಕೇಂದ್ರ ಬೇಕಾದ ಕೇಂದ್ರದ ಮೇಲೆ ಬಂದು ಕೂರುತ್ತದೆ. ಇದಕ್ಕೆ ಬಿಂಬ ಆವೃತ್ತಿ ಎಂದು ಹೆಸರು. ಆಂಟೆನಾ ಮತ್ತು ಮಿಶ್ರಕದ ನಡುವೆ 14 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನಷ್ಟೇ ಬಿಡುವ ಸುರುಳಿ ಮತ್ತು ಕೆಪಾಸಿಟರ್‌ಗಳ ಪಟ್ಟಿಶೋಧಕವನ್ನು ಇಡುವುದು ಅದನ್ನು ತಡೆಯುವುದಕ್ಕೆ. ಪ್ರೇಷಣೆಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: 10 ಮತ್ತು 4.2 ಕೂಡಿ 14.2 ಹಾಗೂ 5.8 ಹುಟ್ಟುತ್ತವೆ, ಅದೇ ಪಟ್ಟಿಶೋಧಕ 5.8ನ್ನು ತಡೆದು 14.2ನ್ನು ಮುಂದಕ್ಕೆ ಕಳುಹಿಸುತ್ತದೆ.

ಈ ತಿರುಗುಮುರುಗೇ ಬಿಟೆಕ್ಸ್ ವಿನ್ಯಾಸದ ಜೀವಾಳ. ಡಯೋಡ್‌ಗಳಿಂದ ಮಾಡಿದ ಮಿಶ್ರಕ, ಸ್ಫಟಿಕ ಶೋಧಕ, ಪಟ್ಟಿಶೋಧಕ ಇವುಗಳಿಗೆಲ್ಲ ದಿಕ್ಕಿಲ್ಲ. ತರಂಗ ಎಡದಿಂದ ಬಂದರೂ ಬಲದಿಂದ ಬಂದರೂ ಅವು ಒಂದೇ ರೀತಿ ವರ್ತಿಸುತ್ತವೆ. ದಿಕ್ಕು ಇರುವುದು ದುರ್ಬಲ ತರಂಗವನ್ನು ಬಲಪಡಿಸುವ ಟ್ರಾನ್ಸಿಸ್ಟರ್ ವರ್ಧಕಗಳಿಗೆ ಮಾತ್ರ. ಆದ್ದರಿಂದ ಬಿಟೆಕ್ಸ್‌ನಲ್ಲಿ ಪ್ರತಿ ವರ್ಧಕದ ಜಾಗದಲ್ಲೂ ಎದುರುಬದುರಾಗಿ ಮುಖ ಮಾಡಿದ ಎರಡು ವರ್ಧಕಗಳಿವೆ. ಕೇಳುವಾಗ ಒಂದಕ್ಕೂ ಮಾತನಾಡುವಾಗ ಇನ್ನೊಂದಕ್ಕೂ 12 ವೋಲ್ಟ್ ಸರಬರಾಜು ದೊರೆಯುತ್ತದೆ. ಸರಬರಾಜಿಲ್ಲದ ವರ್ಧಕ ಸುಮ್ಮನಿರುತ್ತದೆ. ಹೀಗೆ ಮೈಕಿನ ಮೇಲಿನ ಒಂದು ಗುಂಡಿಯನ್ನು ಒತ್ತಿದರೆ ಸರಬರಾಜು ಒಂದು ತಂತಿಯಿಂದ ಇನ್ನೊಂದಕ್ಕೆ ಬದಲಾಗಿ, ಇಡೀ ಸಾಲು ಹಿಮ್ಮುಖವಾಗಿ ಹರಿಯತೊಡಗುತ್ತದೆ, ರಿಲೇಯೊಂದು ಆಂಟೆನಾವನ್ನು ಗ್ರಾಹಕದಿಂದ ಪ್ರೇಷಕಕ್ಕೆ ವರ್ಗಾಯಿಸುತ್ತದೆ. ಆಂದೋಲಕಗಳನ್ನು ಅದಲುಬದಲು ಮಾಡಬೇಕಾಗಿಲ್ಲ, ಶೋಧಕಗಳ ಸುತ್ತ ಸ್ವಿಚ್ಚುಗಳ ಜಾಲ ಬೇಕಾಗಿಲ್ಲ. ಗ್ರಾಹಕವಾಗಿ ಸರಿಯಾಗಿ ಕೆಲಸ ಮಾಡುವ ಬಿಟೆಕ್ಸ್‌ನಲ್ಲಿ ಪ್ರೇಷಕದ ಬಹುಪಾಲು ಆಗಲೇ ಸಿದ್ಧವಾಗಿರುತ್ತದೆ ಎಂಬುದು ಹೊಸಬರಿಗೆ ಇದರಿಂದಾಗುವ ದೊಡ್ಡ ಉಪಕಾರ.

ಎರಡನೆಯ ಮಿಶ್ರಕ ಕೇಳುವಾಗ ಮಾತನ್ನು ಬಿಡಿಸಿಕೊಡುತ್ತದೆ, ಕಳುಹಿಸುವಾಗ ಮಾತನ್ನು ಹೇರುತ್ತದೆ. ಅದಕ್ಕೆ 10 ಮೆಗಾಹರ್ಟ್ಸ್ ಹತ್ತಿರದ ವಾಹಕ ಆಂದೋಲಕವೊಂದು ತರಂಗವನ್ನು ಒದಗಿಸುತ್ತದೆ. ಮಿಶ್ರಕವನ್ನು ಸಮತೋಲಿತವಾಗಿ, ಅಂದರೆ ಎರಡು ಬದಿಯ ಡಯೋಡ್‌ಗಳಿಂದ ಬರುವ ವಾಹಕ ಪರಸ್ಪರ ರದ್ದಾಗುವಂತೆ, ಕಟ್ಟಲಾಗುತ್ತದೆ. ಪೂರ್ಣವಾಗಿ ರದ್ದಾಗಲು ಒಂದು ಪ್ರಿಸೆಟ್ ರೆಸಿಸ್ಟರನ್ನೂ ಒಂದು ಟ್ರಿಮ್ಮರ್ ಕೆಪಾಸಿಟರನ್ನೂ ತಿರುಗಿಸಿ ಹೊಂದಿಸಬೇಕು. ವಾಹಕವಿಲ್ಲದ ಎರಡು ಪಾರ್ಶ್ವಪಟ್ಟಿಗಳಲ್ಲಿ ಬೇಡದ್ದನ್ನು ಸ್ಫಟಿಕ ಶೋಧಕ ಕತ್ತರಿಸುತ್ತದೆ. ಸ್ಫಟಿಕವೆಂದರೆ ನಿರ್ದಿಷ್ಟ ಆವೃತ್ತಿಯಲ್ಲಿ ಮಾತ್ರ ಬಲವಾಗಿ ಕಂಪಿಸುವಂತೆ ಕೊಯ್ದ ಕ್ವಾರ್ಟ್ಸ್ ಕಲ್ಲಿನ ತೆಳುಬಿಲ್ಲೆ. ನಾಲ್ಕು ಸ್ಫಟಿಕಗಳನ್ನು ಸಾಲಾಗಿ ಜೋಡಿಸಿ, ಅವು ಸೇರುವ ಬಿಂದುಗಳಿಂದ ನೆಲಕ್ಕೆ ಕೆಪಾಸಿಟರ್‌ಗಳನ್ನು ಹಾಕಿದರೆ ಎರಡು ಮೂರು ಕಿಲೋಹರ್ಟ್ಸ್ ಅಗಲದ ಕಿಂಡಿ ಸಿದ್ಧವಾಗುತ್ತದೆ. ಸ್ಫಟಿಕಗಳ ಆವೃತ್ತಿ ಒಂದಕ್ಕೊಂದು ತೀರ ಹತ್ತಿರವಿರಬೇಕಾದ್ದರಿಂದ ಒಂದೇ ಕಂತಿನ ಹತ್ತಿಪ್ಪತ್ತು ಸ್ಫಟಿಕಗಳನ್ನು ಕೊಂಡು, ಪ್ರತಿಯೊಂದನ್ನೂ ಪರೀಕ್ಷಾ ಆಂದೋಲಕದಲ್ಲಿಟ್ಟು ಆವೃತ್ತಿ ಮಾಪಕದಿಂದ ಅಳೆದು, ಹೆಚ್ಚು ಹೊಂದುವ ನಾಲ್ಕನ್ನು ಆರಿಸುವುದು ವಾಡಿಕೆ. ಉಳಿದವುಗಳಲ್ಲೊಂದು ವಾಹಕ ಆಂದೋಲಕಕ್ಕೆ ಆಗುತ್ತದೆ. ಈ ಆಂದೋಲಕದ ಆವೃತ್ತಿ ಕಿಂಡಿಯ ಅಂಚಿನ ಹೊರಗೆ ಸರಿಯಾದ ಜಾಗದಲ್ಲಿ ಕೂರಬೇಕು. ಒಳಕ್ಕೆ ಸರಿದರೆ ಬೇಡದ ಪಾರ್ಶ್ವಪಟ್ಟಿಯ ಒಂದು ಪಾಲು ನುಸುಳುತ್ತದೆ, ಹೊರಕ್ಕೆ ಹೆಚ್ಚು ಸರಿದರೆ ಮಾತಿನ ಗಂಭೀರ ಸ್ವರಗಳು ಕತ್ತರಿಸಿಹೋಗಿ ದನಿ ತಗಡಿನಂತೆ ಕೇಳಿಸುತ್ತದೆ. ಇಲ್ಲಿ ಅಳತೆಯ ಉಪಕರಣಗಳಷ್ಟೇ ಕಟ್ಟುವವನ ಕಿವಿಯೂ ನಂಬಿಕೆಗೆ ಅರ್ಹ.

ಸುರುಳಿ ಮತ್ತು ಕೆಪಾಸಿಟರ್‌ನಿಂದ ಮಾಡಿದ ಶ್ರುತಿ ಆಂದೋಲಕ ಇಡೀ ಉಪಕರಣದಲ್ಲಿ ಹೆಚ್ಚು ತಾಳ್ಮೆ ಕೇಳುವ ಭಾಗ. ಬಿಸಿಯಾದಂತೆ ಸುರುಳಿ ಹಿಗ್ಗುತ್ತದೆ, ಕೆಪಾಸಿಟರಿನ ಬೆಲೆ ಬದಲಾಗುತ್ತದೆ, ಅದರೊಡನೆ ಆವೃತ್ತಿಯೂ ಜಾರುತ್ತದೆ. ಏಕಪಾರ್ಶ್ವಪಟ್ಟಿಯಲ್ಲಿ ಕೆಲವು ನೂರು ಹರ್ಟ್ಸ್ ಜಾರಿದರೂ ಎದುರಿನವರ ಮಾತು ಅರ್ಥವಾಗದಷ್ಟು ವಿಕಾರವಾಗುತ್ತದೆ. ಉಷ್ಣತೆಗೆ ಬದಲಾಗದ ಬಗೆಯ ಕೆಪಾಸಿಟರ್‌ಗಳನ್ನು ಬಳಸುವುದು, ಸುರುಳಿಯನ್ನು ಅಲುಗದಂತೆ ಮೇಣ ಅಥವಾ ಅಂಟಿನಿಂದ ಕೂರಿಸುವುದು, ಆಂದೋಲಕಕ್ಕೆ ಪ್ರತ್ಯೇಕವಾಗಿ ಸ್ಥಿರಗೊಳಿಸಿದ ವೋಲ್ಟೇಜ್ ಕೊಡುವುದು, ಶಕ್ತಿ ವರ್ಧಕದ ಬಿಸಿಯಿಂದ ದೂರವಿಡುವುದು ಇವು ಪರಿಚಿತ ಪರಿಹಾರಗಳು. 2016ರಲ್ಲಿ ಫರ್ಹಾನ್ 7 ಮೆಗಾಹರ್ಟ್ಸ್ ಪಟ್ಟಿಗಾಗಿ ಸಿದ್ಧ ಬೋರ್ಡಿನ ರೂಪದಲ್ಲಿ ಹೊರತಂದ ಬಿಟೆಕ್ಸ್40ರೊಡನೆ ಈ ತೊಂದರೆಗೆ ಹೊಸ ಉಪಾಯ ಬಂದಿತು: ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕವು ಎಸ್‌ಐ5351 ಎಂಬ ಐಸಿಯಿಂದ ಬೇಕಾದ ಆವೃತ್ತಿಯನ್ನು ಅಂಕೀಯ ಲೆಕ್ಕದ ಮೂಲಕ ಹುಟ್ಟಿಸುತ್ತದೆ, ಆವೃತ್ತಿ ಸಣ್ಣ ಪರದೆಯ ಮೇಲೆ ಅಂಕಿಗಳಲ್ಲಿ ಕಾಣುತ್ತದೆ.

ಕೇಳುವ ಬದಿಯ ಕೊನೆಯಲ್ಲಿ ಎಲ್‌ಎಂ386 ಎಂಬ ಸಾಮಾನ್ಯ ಐಸಿ ಸ್ಪೀಕರನ್ನು ನಡೆಸುತ್ತದೆ. ಕಳುಹಿಸುವ ಬದಿಯ ಕೊನೆಯಲ್ಲಿ ಶಕ್ತಿ ವರ್ಧಕವಾಗಿರುವುದು ಐಆರ್‌ಎಫ್510 ಎಂಬ ಮಾಸ್‌ಫೆಟ್. ಇದು ರೇಡಿಯೋ ಕೆಲಸಕ್ಕಾಗಿ ಹುಟ್ಟಿದ್ದಲ್ಲ, ವಿದ್ಯುತ್ ಸರಬರಾಜುಗಳಲ್ಲಿ ಸ್ವಿಚ್ಚಾಗಿ ಬಳಸಲು ತಯಾರಾದದ್ದು. ಆದರೂ 14 ಮೆಗಾಹರ್ಟ್ಸ್‌ನಲ್ಲಿ ಹಲವು ವ್ಯಾಟ್ ಕೊಡಬಲ್ಲುದೆಂದು ತಿಳಿದ ಮೇಲೆ, ಅದರ ಅಗ್ಗದ ಬೆಲೆಯಿಂದಾಗಿ ಮನೆಕಟ್ಟು ಪ್ರೇಷಕಗಳಲ್ಲಿ ಜಗತ್ತಿನಾದ್ಯಂತ ನೆಲೆನಿಂತಿದೆ. ಅದರ ಲೋಹದ ಬೆನ್ನು ಡ್ರೈನ್ ತುದಿಗೆ ಸೇರಿಕೊಂಡಿರುವುದರಿಂದ ಹೀಟ್‌ಸಿಂಕಿಗೆ ಕೂರಿಸುವಾಗ ನಡುವೆ ಅಭ್ರಕದ ಹಾಳೆ ಇಡಲೇಬೇಕು, ಇಲ್ಲವಾದರೆ ಸರಬರಾಜು ನೇರವಾಗಿ ಪೆಟ್ಟಿಗೆಗೆ ತಗಲುತ್ತದೆ. ವರ್ಧಕದಿಂದ ಹೊರಡುವ ತರಂಗದಲ್ಲಿ 14ರ ಜೊತೆಗೆ 28, 42 ಮೆಗಾಹರ್ಟ್ಸ್ ಮುಂತಾದ ಗುಣಿತಗಳೂ ಇರುತ್ತವೆ. ಅವು ಇತರ ಸೇವೆಗಳಿಗೆ ತೊಂದರೆ ಕೊಡದಂತೆ ಕೆಳ ಆವೃತ್ತಿಗಳನ್ನು ಮಾತ್ರ ಬಿಡುವ ಶೋಧಕವೊಂದು ಆಂಟೆನಾದ ಮುಂದೆ ಇರಬೇಕು. ಈ ಶೋಧಕವನ್ನು ಬಿಟ್ಟು ಕಟ್ಟಿದ ಪ್ರೇಷಕವನ್ನು ಅಪೂರ್ಣವೆಂದೇ ತಿಳಿಯಬೇಕು.

ಮಂಡಲವನ್ನು ಕಟ್ಟುವ ಅತ್ಯಂತ ಸುಲಭ ಕ್ರಮದಲ್ಲಿ ಅಚ್ಚಿನ ಸರ್ಕ್ಯೂಟ್ ಬೋರ್ಡಿನ ಅಗತ್ಯವೇ ಇಲ್ಲ. ಒಂದು ಮುಖಕ್ಕೆ ತಾಮ್ರ ಹಚ್ಚಿದ ಬರಿಯ ಹಲಗೆಯನ್ನು ತೆಗೆದುಕೊಂಡು, ನೆಲಕ್ಕೆ ಸೇರಬೇಕಾದ ಕಾಲುಗಳನ್ನು ನೇರವಾಗಿ ತಾಮ್ರಕ್ಕೆ ಬೆಸೆದು, ಉಳಿದ ಕಾಲುಗಳನ್ನು ಗಾಳಿಯಲ್ಲೇ ಒಂದಕ್ಕೊಂದು ಬೆಸೆಯಲಾಗುತ್ತದೆ. ನೋಡಲು ಇದು ಅಂದವಲ್ಲದಿದ್ದರೂ, ವಿಶಾಲವಾದ ತಾಮ್ರದ ನೆಲ ಮತ್ತು ಗಿಡ್ಡ ಜೋಡಣೆಗಳಿಂದಾಗಿ ರೇಡಿಯೋ ಆವೃತ್ತಿಯಲ್ಲಿ ಅಚ್ಚಿನ ಬೋರ್ಡಿಗೆ ಸರಿಸಮವಾಗಿ, ಅನೇಕ ವೇಳೆ ಅದಕ್ಕಿಂತ ಚೆನ್ನಾಗಿ, ಕೆಲಸ ಮಾಡುತ್ತದೆ. ಕಾಲೇಜಿನ ಪ್ರಯೋಗಾಲಯಗಳಲ್ಲಿ ಬಳಸುವ ಚುಚ್ಚುವ ಬ್ರೆಡ್‌ಬೋರ್ಡ್ ಈ ಕೆಲಸಕ್ಕೆ ಹೊಂದುವುದಿಲ್ಲ, ಏಕೆಂದರೆ ಅದರ ಪಕ್ಕಪಕ್ಕದ ಲೋಹಪಟ್ಟಿಗಳೇ ಬೇಡದ ಕೆಪಾಸಿಟರ್‌ಗಳಾಗುತ್ತವೆ. ಆಂಟೆನಾ ಬದಿಯಿಂದ ಮೈಕಿನ ಬದಿಯವರೆಗೆ ಹಂತಗಳನ್ನು ನೇರ ಸಾಲಿನಲ್ಲಿ ಇಟ್ಟು, ಶಕ್ತಿ ವರ್ಧಕದ ಹೊರಗಂಡಿ ಒಳಗಂಡಿಯ ಬಳಿಗೆ ಸುಳಿಯದಂತೆ ನೋಡಿಕೊಳ್ಳಬೇಕು. ಹೊರಟ ತರಂಗ ಮರಳಿ ಒಳಬಂದರೆ ವರ್ಧಕವು ಆಂದೋಲಕವಾಗಿ ಕಿರುಚುತ್ತದೆ. ಸುರುಳಿಗೆ ಬಳಸುವ ಎನಾಮಲ್ ತಂತಿಯ ಲೇಪವನ್ನು ತುದಿಗಳಲ್ಲಿ ಪೂರ್ತಿ ಕೆರೆಯದೆ ಬೆಸೆಯುವುದು ಮತ್ತು ಮೂರೆಳೆ ಹೊಸೆದು ಸುತ್ತುವ ಟ್ರಾನ್ಸ್‌ಫಾರ್ಮರಿನ ತುದಿಗಳನ್ನು ಅದಲುಬದಲು ಮಾಡುವುದು ಆರಂಭಿಗರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪುಗಳು.

ಇಡೀ ಉಪಕರಣವನ್ನು ಒಂದೇ ಸಲ ಬೆಸೆದು ಕೊನೆಯಲ್ಲಿ ವಿದ್ಯುತ್ ಕೊಟ್ಟು ನೋಡುವುದು ಕೆಟ್ಟ ಪದ್ಧತಿ. ಸ್ಪೀಕರ್ ವರ್ಧಕವನ್ನು ಮೊದಲು ಕಟ್ಟಿ, ಅದು ಗುಂಯ್‌ಗುಟ್ಟುವುದನ್ನು ಖಚಿತಪಡಿಸಿಕೊಂಡು, ಹಿಂದಕ್ಕೆ ಒಂದೊಂದೇ ಹಂತ ಸೇರಿಸುತ್ತ ಹೋದರೆ ದೋಷ ಎಲ್ಲಿದೆ ಎಂಬುದು ಆಗಿಂದಾಗ್ಗೆ ತಿಳಿಯುತ್ತದೆ. ದುಬಾರಿ ಉಪಕರಣಗಳು ಬೇಕಿಲ್ಲ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6ರಿಂದ 0.7 ವೋಲ್ಟ್ ಇದ್ದರೆ ಅದರ ಬಯಸ್ ಸರಿಯಿದೆಯೆಂದು ಮಲ್ಟಿಮೀಟರೇ ಹೇಳುತ್ತದೆ. ಅದಕ್ಕೆ ಒಂದು ಡಯೋಡ್ ಮತ್ತು ಕೆಪಾಸಿಟರನ್ನು ಸೇರಿಸಿದರೆ ರೇಡಿಯೋ ವೋಲ್ಟೇಜನ್ನೂ ಅಳೆಯಬಹುದು. ಮನೆಯ ಶಾರ್ಟ್‌ವೇವ್ ರೇಡಿಯೋವನ್ನು ಹತ್ತಿರವಿಟ್ಟರೆ 10 ಮೆಗಾಹರ್ಟ್ಸ್‌ನ ವಾಹಕ ಆಂದೋಲಕ ನಡೆಯುತ್ತಿದೆಯೇ ಎಂಬುದು ಕೇಳಿಸುತ್ತದೆ. ಪ್ರೇಷಕವನ್ನು ಪರೀಕ್ಷಿಸುವಾಗ ಆಂಟೆನಾದ ಬದಲಿಗೆ ಕೃತಕ ಹೊರೆಯನ್ನು ಜೋಡಿಸಬೇಕು. 220 ಓಮ್‌ನ, 2 ವ್ಯಾಟ್ ತಾಳುವ ನಾಲ್ಕು ಕಾರ್ಬನ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದರೆ 55 ಓಮ್ ಆಗುತ್ತದೆ, ಇದು ಬೇಕಾದ 50 ಓಮ್‌ಗೆ ಸಾಕಷ್ಟು ಹತ್ತಿರ; ತಂತಿ ಸುತ್ತಿದ ರೆಸಿಸ್ಟರ್‌ಗಳು ತಾವೇ ಸುರುಳಿಗಳಂತೆ ವರ್ತಿಸುವುದರಿಂದ ಕೂಡದು. 50 ಓಮ್ ಹೊರೆಯಲ್ಲಿ 6 ವ್ಯಾಟ್ ಹರಿದರೆ ತರಂಗದ ಶಿಖರ ಸುಮಾರು 24 ವೋಲ್ಟ್ ಇರುತ್ತದೆ, ಡಯೋಡ್ ಮಾಪಕ ಅದಕ್ಕೆ ಹತ್ತಿರದ ಅಂಕಿಯನ್ನೇ ತೋರಿಸಬೇಕು. ಮಾಸ್‌ಫೆಟ್‌ನ ಬಯಸ್ ಪ್ರಿಸೆಟ್ಟನ್ನು ಸೊನ್ನೆಯಲ್ಲಿಟ್ಟು ಆರಂಭಿಸಿ, ಮಾತಿಲ್ಲದಾಗ ಸುಮಾರು 80ರಿಂದ 100 ಮಿಲಿಆಂಪಿಯರ್ ಹರಿಯುವವರೆಗೆ ನಿಧಾನವಾಗಿ ಏರಿಸುವುದು ವಾಡಿಕೆ. ಅವಸರ ಮಾಡಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಆಂಟೆನಾ ವಿಷಯದಲ್ಲಿ ಅರ್ಧ ತರಂಗದ ಡೈಪೋಲ್ ಎಲ್ಲಕ್ಕಿಂತ ಸರಳ ಮತ್ತು ನಂಬಲರ್ಹ. ಮೀಟರಿನಲ್ಲಿ ಅದರ ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಸಾಕು: 14.2ಕ್ಕೆ ಸುಮಾರು 10 ಮೀಟರ್, 7.1ಕ್ಕೆ ಸುಮಾರು 20 ಮೀಟರ್ ತಾಮ್ರದ ತಂತಿ. ಅದನ್ನು ನಡುವೆ ಕತ್ತರಿಸಿ, ಎರಡು ತುಂಡುಗಳಿಗೆ ಕೋಆಕ್ಸಿಯಲ್ ಕೇಬಲಿನ ಎರಡು ವಾಹಕಗಳನ್ನು ಸೇರಿಸಿ, ಮರ ಅಥವಾ ಕಂಬಗಳ ನಡುವೆ ಸಾಧ್ಯವಾದಷ್ಟು ಎತ್ತರಕ್ಕೆ, ವಿದ್ಯುತ್ ತಂತಿಗಳಿಂದ ದೂರದಲ್ಲಿ ಕಟ್ಟಬೇಕು. 6 ವ್ಯಾಟ್ ಕಡಿಮೆಯೆಂದು ಅಂಜುವವರು ಗಮನಿಸಬೇಕಾದ ಲೆಕ್ಕವೊಂದಿದೆ: ಕಾರ್ಖಾನೆಯ 100 ವ್ಯಾಟ್ ಉಪಕರಣಕ್ಕೂ ಇದಕ್ಕೂ ಇರುವ ಅಂತರ 12 ಡೆಸಿಬೆಲ್, ಕೇಳುವವರ ಮೀಟರಿನಲ್ಲಿ ಅದು ಎರಡು ಎಸ್ ಘಟಕ ಮಾತ್ರ. ಡೈಪೋಲನ್ನು ಎತ್ತರಿಸಿ ಕಟ್ಟುವುದರಿಂದ ಆಗುವ ಲಾಭ ಅನೇಕ ವೇಳೆ ಇದನ್ನು ತುಂಬಿಕೊಡುತ್ತದೆ.

ಭಾರತದಲ್ಲಿ ಪರವಾನಗಿಯಿಲ್ಲದೆ ಪ್ರೇಷಕವನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. ಕೇಂದ್ರ ಸಂಪರ್ಕ ಸಚಿವಾಲಯದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ ನಡೆಸುವ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾವ ನಾಗರಿಕರೂ ಬರೆಯಬಹುದು. ಅದರಲ್ಲಿ ರೇಡಿಯೋ ಸಿದ್ಧಾಂತ ಮತ್ತು ನಿಯಮಾವಳಿಗಳ ಪ್ರಶ್ನೆಗಳಿರುತ್ತವೆ. ಕರೆಸಂಕೇತಗಳು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತವೆ. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಗಟ್ಟಿಯಾದ ನೆಲೆಯಿದೆ: ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮತ್ತು ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಈ ಕ್ಷೇತ್ರದ ಪರಿಚಿತ ಸಂಸ್ಥೆಗಳು, ಬಿಡಿಭಾಗಗಳಿಗೆ ನಗರದ ಎಸ್.ಪಿ. ರಸ್ತೆಯ ಅಂಗಡಿಸಾಲುಗಳಿವೆ. ಹವ್ಯಾಸಿಗಳಿಗಾಗಿಯೇ ಇಸ್ರೋ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ವಾಹನದಲ್ಲಿ ಹಾರಿಸಿದ, ಸುಮಾರು 42 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ತಯಾರಾದದ್ದೂ ಬೆಂಗಳೂರಿನಲ್ಲಿಯೇ. ಭಾರತೀಯ ಹ್ಯಾಮ್‌ಗಳು ಮತ್ತು ನೆದರ್‌ಲ್ಯಾಂಡ್ಸ್‌ನ ಹ್ಯಾಮ್ ಒಬ್ಬರು ರೂಪಿಸಿದ ಎರಡು ಮರುಪ್ರಸಾರಕಗಳನ್ನು ಹೊತ್ತಿದ್ದ ಅದು 2014ರವರೆಗೆ ಕೆಲಸ ಮಾಡಿತು.

ಬಿಟೆಕ್ಸ್40ರ ಮರುವರ್ಷ, 2017ರಲ್ಲಿ, 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗಳನ್ನು ಒಳಗೊಳ್ಳುವ ಮೈಕ್ರೋಬಿಟೆಕ್ಸ್ ಬಂದಿತು. ಆ ಬಳಿಕ ಮಂಡಲದ ಬಹುಪಾಲು ಕೆಲಸವನ್ನು ಗಣಕದ ತಂತ್ರಾಂಶಕ್ಕೆ ವಹಿಸಿದ ಎಸ್‌ಬಿಟೆಕ್ಸ್ ಕೂಡ ಸಿದ್ಧವಾಯಿತು. ಇವು ಹೆಚ್ಚು ಸಮರ್ಥವಾದವು, ಆದರೆ ಮೊದಲ ಉಪಕರಣವಾಗಿ ಕಟ್ಟಲು ತಕ್ಕವಲ್ಲ. ದಕ್ಷಿಣ ಭಾರತದ ಹೊಸಬರಿಗೆ ಹಗಲಿನಲ್ಲಿ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯ ಹ್ಯಾಮ್‌ಗಳು ಸುಲಭವಾಗಿ ಸಿಗುವುದು 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಆಂದೋಲಕದ ಜಾರುವಿಕೆ, ಬೇಡದ ಮರುಹರಿವು ಮುಂತಾದ ತೊಡಕುಗಳೂ ಅಲ್ಲಿ 14ಕ್ಕಿಂತ ಕಡಿಮೆ. ಆದ್ದರಿಂದ ಮೊದಲ ಸಲ ಬೆಸುಗೆ ಕಡ್ಡಿ ಹಿಡಿಯುವವರು ಒಂದೇ ಪಟ್ಟಿಯ, 7 ಮೆಗಾಹರ್ಟ್ಸ್‌ನ ಬಿಟೆಕ್ಸ್ ಮಾದರಿಯನ್ನು ಆರಿಸಿಕೊಂಡು, ಅದರ ಗ್ರಾಹಕ ಭಾಗವನ್ನು ಪೂರ್ತಿ ಕಟ್ಟಿ ಕೇಳಿದ ಮೇಲೆ, ಪರವಾನಗಿ ಕೈಸೇರಿದ ನಂತರವೇ ಶಕ್ತಿ ವರ್ಧಕಕ್ಕೆ ಕೈಹಾಕುವುದು ಉಚಿತ.